ಅನ್ನನಾಳದ ಲಿಂಫೋಮಾ: ಕೊಯ್ಲು ಮುಗಿಯುವವರೆಗೆ ಕಾಯಬಹುದೇ?

ಪ್ರಶ್ನೆ: ಸೋಮವಾರಪೇಟೆ ಬಳಿ ನಮ್ಮ ಕಾಫಿ ತೋಟವಿದೆ. 61 ವರ್ಷದ ಅಪ್ಪನಿಗೆ ಮೊದಲು ಕಡಂಬಿಟ್ಟು ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು, ಈಗ ಗಂಜಿಯೂ ಕಷ್ಟ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಗಡ್ಡೆ ಕಂಡರೂ ಎರಡು ಬಯಾಪ್ಸಿಗಳಲ್ಲಿ ಏನೂ ಸಿಗಲಿಲ್ಲ. ಮೈಸೂರಿನಲ್ಲಿ ಮಾಡಿಸಿದ ಮೂರನೆಯದರಲ್ಲಿ ‘ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ’ ಎಂದು ಬಂದಿದೆ. ಆಪರೇಷನ್ ಬೇಡವೆನ್ನುತ್ತಾರೆ, ಸರಿಯೇ? ಕಾಫಿ ಕೊಯ್ಲು ಮುಗಿಯುವವರೆಗೆ ಕಾಯಬಹುದೇ?

ಉತ್ತರ: ದಯವಿಟ್ಟು ಕಾಯಬೇಡಿ. ಇದು ಬಿ ಕೋಶ ಎಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟಿ ವೇಗವಾಗಿ ಬೆಳೆಯುವ ಕ್ಯಾನ್ಸರ್. ಆದರೆ ಔಷಧಕ್ಕೆ ಚೆನ್ನಾಗಿ ಬಗ್ಗುವ, ಅನೇಕರಲ್ಲಿ ಪೂರ್ತಿ ಗುಣವಾಗುವ ಕಾಯಿಲೆಯೂ ಹೌದು.

ಮೊದಲ ಎರಡು ವರದಿಗಳ ಬಗ್ಗೆ ಬೇಸರ ಬೇಡ. ಜೀರ್ಣಾಂಗದ ಲಿಂಫೋಮಾಗಳಲ್ಲಿ ಅನ್ನನಾಳದಲ್ಲೇ ಹುಟ್ಟುವವು ಶೇ. 1ಕ್ಕಿಂತ ಕಡಿಮೆ. ಅವು ಹೆಚ್ಚಾಗಿ ಒಳಪದರದ ಕೆಳಗೆ ಬೆಳೆಯುವುದರಿಂದ, ಮೇಲಿನಿಂದ ಚಿವುಟಿದ ಚೂರಿನಲ್ಲಿ ರೋಗ ಸಿಗದೇ ಹೋಗಬಹುದು. ಇಂಥಲ್ಲಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ಆಳದ ತುಣುಕು ತೆಗೆಯುತ್ತಾರೆ. ಅದರ ಮೇಲೆ ಸಿಡಿ20 (ಬಿ ಕೋಶಗಳ ಮೇಲಿರುವ ಒಂದು ಪ್ರೋಟೀನ್) ಮುಂತಾದ ಗುರುತುಗಳ ಪರೀಕ್ಷೆಯಾಗಿದೆಯೇ ಎಂದು ಕೇಳಿ. ಇಡೀ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಆಪರೇಷನ್ ಬೇಡವೆಂದು ವೈದ್ಯರು ಹೇಳಿದ್ದು ಸರಿ. ಲಿಂಫೋಮಾ ರಕ್ತ ಮತ್ತು ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಅನ್ನನಾಳ ಕತ್ತರಿಸುವ ದೊಡ್ಡ ಆಪರೇಷನ್ನಿನಿಂದ ಅದು ಗುಣವಾಗುವುದಿಲ್ಲ, ಕಿಮೊಥೆರಪಿ ಮಾತ್ರ ತಡವಾಗುತ್ತದೆ. ಸಾಮಾನ್ಯವಾಗಿ ‘ಆರ್-ಚಾಪ್’ ಎಂಬ ಔಷಧಗಳ ಗುಂಪನ್ನು 21 ದಿನಗಳಿಗೊಮ್ಮೆ, ಹೆಚ್ಚಾಗಿ ಆರು ಸುತ್ತು ಕೊಡುತ್ತಾರೆ. ಕೆಲವರಿಗೆ ನಂತರ ವಿಕಿರಣವೂ ಬೇಕಾಗುತ್ತದೆ. ರೋಗ ಎಲ್ಲೆಲ್ಲಿದೆ ಎಂದು ತಿಳಿಯಲು ಪೆಟ್-ಸಿಟಿ, ಹೃದಯದ ಶಕ್ತಿ ನೋಡಲು ಎಕೋ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಪರೀಕ್ಷೆ ಮೊದಲೇ ಆಗಬೇಕು. ಹೆಪಟೈಟಿಸ್ ಪರೀಕ್ಷೆಯನ್ನಂತೂ ಬಿಡಲೇಬೇಡಿ: ಆರ್-ಚಾಪ್ ಗುಂಪಿನ ರಿಟುಕ್ಸಿಮ್ಯಾಬ್ ಎಂಬ ಔಷಧ, ಯಕೃತ್ತಿನಲ್ಲಿ ಅಡಗಿರುವ ಸೋಂಕನ್ನು ಕೆರಳಿಸಬಲ್ಲದು.

ನನಗೆ ಹೆಚ್ಚು ಚಿಂತೆ ಅಪ್ಪನ ಊಟದ್ದು. ಗಂಜಿಯೂ ಇಳಿಯದಿದ್ದರೆ ಮೂಗಿನ ಕೊಳವೆಯ ಮೂಲಕ ಆಹಾರ ಕೊಡಲು ಒಪ್ಪಿಕೊಳ್ಳಿ. ಸೊರಗಿದ ದೇಹ ಕಿಮೊ ತಡೆಯುವುದಿಲ್ಲ. ಕೊಳವೆಯನ್ನು ಆಸ್ಪತ್ರೆಯಲ್ಲಿ ಎಚ್ಚರದಿಂದಲೇ ಹಾಕಿಸಬೇಕು. ಗಡ್ಡೆ ಬೇಗ ಕರಗಿದಾಗ ಅಪರೂಪಕ್ಕೆ ಅನ್ನನಾಳದ ಗೋಡೆಯೇ ತೂತಾಗುವುದುಂಟು. ಆದ್ದರಿಂದ ಮೊದಲ ಸುತ್ತಿನ ನಂತರ ಕೆಲವು ದಿನ ಮೈಸೂರಿನಲ್ಲೇ, ಆಸ್ಪತ್ರೆಯ ಸಮೀಪ ಉಳಿಯಿರಿ. ಇದ್ದಕ್ಕಿದ್ದಂತೆ ಎದೆನೋವು ಬಂದರೆ, ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ ಆಗಲೇ ಕರೆದೊಯ್ಯಿರಿ. ಈ ವರ್ಷದ ಕೊಯ್ಲನ್ನು ಮನೆಯ ಬೇರೆಯವರಿಗೆ ಒಪ್ಪಿಸಿ, ಈ ವಾರವೇ ಚಿಕಿತ್ಸೆಯ ದಿನ ಗೊತ್ತುಮಾಡಿಕೊಳ್ಳಿ.