ಬ್ರಿಸ್ಬೇನ್‌ಗೆ ಎದುರಾಳಿ ಯಾಕಿರಲಿಲ್ಲ?

2032ರ ಒಲಿಂಪಿಕ್ಸ್‌ಗೆ ಬ್ರಿಸ್ಬೇನ್ ಹೆಸರೊಂದೇ ಮತಕ್ಕೆ ಬಂದದ್ದು ಯಾಕೆ ಅಂತ ಕೇಳಿದ್ದೀರಿ. ಆಯ್ಕೆಯ ಪದ್ಧತಿಯೇ ಬದಲಾಗಿದೆ. ಮೊದಲು ಹಲವು ನಗರಗಳು ಕೋಟಿಗಟ್ಟಲೆ ಸುರಿದು ಪೈಪೋಟಿ ನಡೆಸುತ್ತಿದ್ದವು. ಗೆಲ್ಲುತ್ತಿದ್ದದ್ದು ಒಂದೇ, ಉಳಿದವರ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ! 2024ರ ಕೂಟದ ಪೈಪೋಟಿಯಿಂದ ಹ್ಯಾಂಬರ್ಗ್, ರೋಮ್, ಬುಡಾಪೆಸ್ಟ್ ಒಂದೊಂದಾಗಿ ಹಿಂದೆ ಸರಿದವು. ಹ್ಯಾಂಬರ್ಗ್‌ನಲ್ಲಂತೂ ಜನರೇ ಮತ ಹಾಕಿ ಬೇಡ ಅಂದರು. ಉಳಿದದ್ದು ಪ್ಯಾರಿಸ್ ಮತ್ತು ಲಾಸ್ ಏಂಜಲೀಸ್. 2017ರಲ್ಲಿ ಒಲಿಂಪಿಕ್ ಸಮಿತಿಯವರು ಎರಡಕ್ಕೂ ಒಂದೊಂದು ಕೂಟ (2024, 2028) ಹಂಚಿ ಕೈತೊಳೆದುಕೊಂಡರು.

ಆಮೇಲೆ ಬಂದ ಪದ್ಧತಿಯಲ್ಲಿ ಒಲಿಂಪಿಕ್ ಸಮಿತಿಯ ಆಯೋಗವೊಂದು ಆಸಕ್ತ ಊರುಗಳ ಜೊತೆ ಮೊದಲೇ ಮಾತಾಡುತ್ತದೆ. ಕಾರ್ಯಕಾರಿ ಮಂಡಳಿ ಒಪ್ಪಿದ ಹೆಸರು ಮತಕ್ಕೆ ಬರುತ್ತದೆ. ಸದಸ್ಯರು ಹೌದು ಅಥವಾ ಇಲ್ಲ ಅನ್ನಬೇಕು, ಅಷ್ಟೇ. 2021ರಲ್ಲಿ ಬ್ರಿಸ್ಬೇನ್ ಪರ 72, ವಿರುದ್ಧ 5 ಮತ ಬಿದ್ದವು. ಖರ್ಚು ಉಳಿಯುತ್ತದೆ, ನಿಜ. ಆದರೆ ಬಾಗಿಲು ಮುಚ್ಚಿಕೊಂಡು ಮಾತಾಡುವುದು ನನಗೇನೋ ಅಷ್ಟು ಹಿಡಿಸಲಿಲ್ಲ.