‘ಎರ್ ವೈಸ್’ ಎಂಬಲ್ಲಿ ‘ಟ್’ ಏಕಿಲ್ಲ?

ಜರ್ಮನ್‌ನಲ್ಲಿ ‘ಇಶ್ ವೈಸ್’ ಎಂದರೆ ನನಗೆ ಗೊತ್ತು, ‘ಎರ್ ವೈಸ್’ ಎಂದರೆ ಅವನಿಗೆ ಗೊತ್ತು. ಬೇರೆ ಕ್ರಿಯಾಪದಗಳಿಗೆ ‘ಅವನು’ ಬಂದರೆ ಕೊನೆಗೆ ‘ಟ್’ ಅಂಟುತ್ತದೆ, ಇದಕ್ಕೇಕೆ ಇಲ್ಲ, ಇದರ ಮೂಲ ಜರ್ಮಾನಿಕ್ (ಜರ್ಮನ್, ಇಂಗ್ಲಿಷ್‌ಗಳ ಪೂರ್ವಜ ಭಾಷೆ) ರೂಪ ಯಾವುದು ಎಂದು ಕೇಳಿದ್ದೀರಿ.

‘ಎರ್ ವೈಸ್ಟ್’ ಎಂದು ಬರೆದು ಕೆಂಪು ಗೆರೆ ಎಳೆಸಿಕೊಂಡವನು ನಾನೂ. ಅದು ಅಪವಾದ, ಬಾಯಿಪಾಠ ಮಾಡಿ ಎಂದು ಮೇಷ್ಟ್ರು ಮುಂದೆ ಹೋದರು. ಕಾರಣ ಹೊಳೆದದ್ದು ವರ್ಷಗಳ ಮೇಲೆ, ದೇವಸ್ಥಾನದಲ್ಲಿ ಮಂತ್ರಪುಷ್ಪ ಕೇಳುತ್ತ ನಿಂತಿದ್ದಾಗ: ‘ಯೋಽಪಾಂ ಪುಷ್ಪಂ ವೇದ, ಪುಷ್ಪವಾನ್ ಪ್ರಜಾವಾನ್ ಪಶುಮಾನ್ ಭವತಿ’. ಇಲ್ಲಿನ ‘ವೇದ’ ಗ್ರಂಥವಲ್ಲ, ಕ್ರಿಯಾಪದ. ನೀರಿನ ಹೂವನ್ನು ಯಾರು ಬಲ್ಲನೋ ಎಂದರ್ಥ. ಒಂದೇ ಸಾಲಿನಲ್ಲಿ ‘ಭವತಿ’ಗೆ ‘ತಿ’ ಇದೆ, ‘ವೇದ’ಕ್ಕೆ ಇಲ್ಲ. ಸಂಸ್ಕೃತ, ಲ್ಯಾಟಿನ್, ಜರ್ಮನ್ ಒಂದೇ ಮೂಲದ ಭಾಷೆಗಳು; ಜರ್ಮನ್ನರ ‘ಟ್’ ಈ ‘ತಿ’ಯ ದಾಯಾದಿಯೇ, ‘ವೈಸ್’ ಈ ‘ವೇದ’ದ ದಾಯಾದಿ.

‘ವೇದ’ ರೂಪದಲ್ಲಿ ಭೂತಕಾಲ, ಅರ್ಥದಲ್ಲಿ ವರ್ತಮಾನ. ಪಾಣಿನಿ ಇದನ್ನು ಗಮನಿಸಿಯೇ ‘ವಿದೋ ಲಟೋ ವಾ’ (3.4.83) ಎಂದು ಪ್ರತ್ಯೇಕ ಸೂತ್ರ ಬರೆದ: ವಿದ್ ಧಾತುವಿಗೆ ವರ್ತಮಾನದಲ್ಲೂ ಲಿಟ್‌ನ (ಸಂಸ್ಕೃತದ ಒಂದು ಭೂತಕಾಲ) ಪ್ರತ್ಯಯಗಳು ಬರಬಹುದು. ಆ ಪ್ರತ್ಯಯಗಳಲ್ಲಿ ‘ತಿ’ ಇಲ್ಲ. ಹಾಗಾಗಿ ‘ನಾನು ಬಲ್ಲೆ’ ಎನ್ನಲೂ ‘ವೇದ’, ‘ಅವನು ಬಲ್ಲ’ ಎನ್ನಲೂ ‘ವೇದ’. ಇಶ್ ವೈಸ್, ಎರ್ ವೈಸ್!

ಈ ಧಾತುವಿನ ಹಳೆಯ ಅರ್ಥ ನೋಡುವುದು. ಲ್ಯಾಟಿನ್‌ನಲ್ಲಿ ಹಾಗೆಯೇ ಉಳಿಯಿತು. ನಮ್ಮ ಮೊಬೈಲಿನ ‘ವಿಡಿಯೊ’ ಅಲ್ಲಿಂದ ಬಂದದ್ದು. ‘ಕಂಡಿದ್ದಾನೆ’ ಎಂಬುದು ‘ಬಲ್ಲ’ ಆಯಿತು. ಇದು ವಿಚಿತ್ರ ಎನಿಸಿದರೆ, ‘ನಾಳೆ ಏನಾಗುತ್ತದೋ ಯಾರು ಕಂಡರು?’ ಎಂದು ದಿನಾ ಹೇಳುವವರು ನಾವೇ. ಅಲ್ಲಿ ಕಂಡರು ಎಂದರೆ ಬಲ್ಲರು. ಕನ್ನಡಕ್ಕೂ ಜರ್ಮನ್‌ಗೂ ನಂಟಿಲ್ಲ, ಮನಸ್ಸು ಹಿಡಿದ ದಾರಿ ಮಾತ್ರ ಒಂದೇ.

ಇನ್ನು ಮೂಲ ಜರ್ಮಾನಿಕ್. ವಿದ್ವಾಂಸರು ಕಟ್ಟಿಕೊಂಡಿರುವ ಭಾವರೂಪ (‘ತಿಳಿಯುವುದು’ ಎಂಬಂಥದು) *ವಿಟನಂ. ಎಲ್ಲೂ ಬರೆದು ಸಿಕ್ಕಿಲ್ಲ, ಅದಕ್ಕೇ ಆ ನಕ್ಷತ್ರ ಚಿಹ್ನೆ. ಏಕವಚನ *ವೈಟ್, ‘ನಾವು’ ಬಂದರೆ *ವಿಟುಮ್. ಸಂಸ್ಕೃತದ ವೇದ–ವಿದ್ಮ ಪಕ್ಕಕ್ಕಿಟ್ಟು ನೋಡಿ: ದ ಹೋಗಿ ಟ ಬಂದಿದೆ, ಏಕವಚನದ ಸ್ವರ ಬಹುವಚನದಲ್ಲಿ ‘ಇ’ ಆಗಿ ಕುಗ್ಗುವುದು ಎರಡರಲ್ಲೂ ಇದೆ. ಮುಂದೆ ಜರ್ಮನ್‌ನಲ್ಲಿ ಆ ಟ ‘ಸ’ ಆಗಿ ವೈಸ್–ವಿಸ್ಸೆನ್ ಉಳಿದವು. ಇಂಗ್ಲಿಷ್‌ನ ‘ವಾಟ್’ (wot, ಬಲ್ಲ) ಸತ್ತುಹೋಯಿತು, ‘ವಿಟ್’ (wit, ಜಾಣತನ) ಬದುಕಿದೆ. ಭೂತರೂಪ ವರ್ತಮಾನಕ್ಕೆ ಖರ್ಚಾದ ಮೇಲೆ ಹೊಸ ಭೂತಕಾಲ ಬೇಕಲ್ಲ. ಅದೇ ಕುಟುಂಬದ ಅಳಿದುಹೋದ ಭಾಷೆ ಗೋಥಿಕ್‌ನ ‘ವಿಸ್ಸ’, ಇಂದಿನ ಜರ್ಮನ್‌ನ ‘ವುಸ್ಟೆ’ (ಗೊತ್ತಿತ್ತು) ಹೀಗೆ ಹುಟ್ಟಿದವು.

ನನಗೆ ಬಹಳ ಹಿಡಿಸಿದ ಉದಾಹರಣೆ 4ನೇ ಶತಮಾನದ ಗೋಥಿಕ್ ಬೈಬಲ್‌ನದು. ಹುಟ್ಟುಕುರುಡನಿಗೆ ಕಣ್ಣು ಬಂದಿದೆ. ಗುಣಪಡಿಸಿದವನು ಎಲ್ಲಿ ಎಂದು ಜನ ಕೇಳುತ್ತಾರೆ. ಅವನ ಉತ್ತರ: ‘ನಿ ವೈಟ್’. ಗೊತ್ತಿಲ್ಲ ಎಂದರ್ಥ, ಆದರೆ ಬೇರಿನ ಮಟ್ಟಿಗೆ ‘ನಾನು ಕಂಡಿಲ್ಲ’!

ನಿಮ್ಮ ಪುಸ್ತಕದಲ್ಲಿ ಮುಂದೆ ಬರುವ ಕನ್ (ಸಾಧ್ಯ), ಮುಸ್ (ಮಾಡಲೇಬೇಕು), ದಾರ್ಫ್ (ಮಾಡಬಹುದು) ಕೂಡ ಇದೇ ಕಾರಣಕ್ಕೆ ‘ಟ್’ ಇಲ್ಲದವು. ‘ವಿಲ್’ (ಬಯಸುತ್ತಾನೆ) ಮಾತ್ರ ಈ ಗುಂಪಿನದಲ್ಲ. ಅದು ಆಸೆಯನ್ನು ಸೂಚಿಸುವ ರೂಪದಿಂದ ಬಂದು ನಡುವೆ ಸೇರಿಕೊಂಡಿದೆ.