ಕೇಳಿ, ಹೇಳ್ತೀವಿ: ಲೊಕೇಶನ್ ಆಫ್ ಮಾಡಿದ ಮೇಲೂ ಸುಳಿವು ಸೋರುವುದೆಲ್ಲಿ?

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲರ ತಕರಾರೂ ಹೆಚ್ಚುಕಡಿಮೆ ಒಂದೇ: ನಾವು ಎಲ್ಲಿದ್ದೇವೆ ಅನ್ನೋದು ಫೋನಿಗೆ ಯಾಕೆ ಬೇಕು, ಬೇಡವೆಂದರೆ ನಿಲ್ಲಿಸುವುದು ಹೇಗೆ. ಇಲ್ಲಿ ಹೇಳಿರುವ ಮೆನು ಹೆಸರುಗಳು ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನಿನವು. ಕಂಪನಿ ಬದಲಾದರೆ ಹೆಸರು ಒಂಚೂರು ಆಚೀಚೆ ಆಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪಟ್ಟಿಯಲ್ಲಿ ಆ ಪದ ಹಾಕಿ ನೋಡಿ.

ಫೋನಿನ ಮೇಲಿಂದ ಎಳೆದಾಗ ಕಾಣುವ ಲೊಕೇಶನ್ ಬಟನ್ ಸದಾ ಆಫ್ ಇಟ್ಟಿರ್ತೀನಿ. ಆದರೂ 'ನಿಮ್ಮ ಹತ್ತಿರದ ಸೀರೆ ಅಂಗಡಿ' ಅಂತ ಜಾಹೀರಾತು ಬರ್ತಾನೇ ಐತಲ್ರೀ. ಹಂಗಾದ್ರೆ ಆ ಬಟನ್ ಸುಳ್ಳಾ?
– ಬಟ್ಟೆ ವ್ಯಾಪಾರಿ, ದಾವಣಗೆರೆ

ಸುಳ್ಳಲ್ಲ, ಅದರ ಕೆಲಸ ಚಿಕ್ಕದು. ಅದನ್ನು ಆಫ್ ಮಾಡಿದರೆ ಜಿಪಿಎಸ್, ವೈಫೈ, ಟವರ್ ಸೇರಿಸಿ ಫೋನ್ ಲೆಕ್ಕ ಹಾಕುವ ಸ್ಥಳ ಆ್ಯಪ್‌ಗಳ ಕೈಗೆ ಸಿಗುವುದಿಲ್ಲ, ಅಷ್ಟೇ. ನಿಮ್ಮ ಕಡೆಯದೇ ಉದಾಹರಣೆ ಬೇಕೆಂದರೆ, ಸೂಳೆಕೆರೆಗೆ ಸಿದ್ಧ ನಾಲೆ, ಬಸವ ನಾಲೆ ಎಂದು ಎರಡಿವೆ. ಒಂದರ ತೂಬು ಇಳಿಸಿ ನೀರು ನಿಂತಿತು ಅನ್ನಲಾದೀತೇ? ಫೋನಿಗಂತೂ ಇಂಥ ತೂಬು ನಾಲ್ಕೈದು.

ಮೊದಲನೆಯದು ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ನೆಟ್ ಬಳಸಿದ ಕೂಡಲೇ ಎದುರಿನ ಜಾಲತಾಣಕ್ಕೆ ಇದು ಹೋಗಲೇಬೇಕು, ಇಲ್ಲದಿದ್ದರೆ ಉತ್ತರ ವಾಪಸ್ ಬರುವುದಿಲ್ಲ. ಇದರಿಂದ ಊರಿನ ಅಂದಾಜು ಸಿಗುತ್ತದೆ, ಬೀದಿ ಸಿಗುವುದಿಲ್ಲ. ಆ ಅಂದಾಜೂ ಎಷ್ಟೋ ಸಲ ತಪ್ಪು. ಮೊಬೈಲ್ ಡೇಟಾದಲ್ಲಿ ಇದ್ದಾಗ ದಾವಣಗೆರೆಯಲ್ಲಿ ಕೂತವರಿಗೆ ಬೆಂಗಳೂರಿನ ಮಳೆ ಸುದ್ದಿ ತೋರಿಸುವುದು ಇದೇ ಕಾರಣಕ್ಕೆ.

ಎರಡನೆಯದು ಗೂಗಲ್ ಖಾತೆಯ 'ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ'. ನೀವು ಹುಡುಕಿದ್ದರ ಜೊತೆಗೆ ಎಲ್ಲಿಂದ ಹುಡುಕಿದಿರಿ ಎಂಬುದೂ ಇಲ್ಲಿ ದಾಖಲಾಗುತ್ತದೆ. 'ಲೊಕೇಶನ್ ಹಿಸ್ಟರಿ' ನಿಲ್ಲಿಸಿದವರ ಸ್ಥಳವೂ ಈ ದಾರಿಯಲ್ಲಿ ಉಳಿಯುತ್ತಿದೆ ಎಂಬುದು 2018ರಲ್ಲಿ ಬಯಲಾಯಿತು. ಅಮೆರಿಕದ 40 ರಾಜ್ಯಗಳ ಜೊತೆಗಿನ ಈ ವ್ಯಾಜ್ಯವನ್ನು ಗೂಗಲ್ 2022ರಲ್ಲಿ 39.15 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು. ಬಟನ್ ಒತ್ತಿ ನೆಮ್ಮದಿಯಾಗಿದ್ದವರು ನೀವೊಬ್ಬರೇ ಅಲ್ಲ.

ಮೂರನೆಯದು ಜಾಹೀರಾತು ಐಡಿ. ಬೇರೆ ಬೇರೆ ಆ್ಯಪ್‌ಗಳು ನಿಮ್ಮ ಬಗ್ಗೆ ಕೂಡಿಟ್ಟ ಚೂರುಗಳನ್ನು ಒಂದೇ ದಾರದಲ್ಲಿ ಪೋಣಿಸಲು ಬಳಸುವ ಸಂಖ್ಯೆ ಅದು.

ಈಗ ಕೆಲಸಕ್ಕೆ ಬನ್ನಿ. ಮೇಲಿನ ಬಟನ್ ಸದಾ ಆಫ್ ಇಡಿ ಅಂತ ನಾವು ಹೇಳುವುದಿಲ್ಲ. ಹಾಗೆ ಇಟ್ಟವರು ಆ್ಯಪ್‌ಗಳ ಪಟ್ಟಿ ನೋಡಲು ಹೋಗುವುದೇ ಇಲ್ಲ. ಆಟೊ ಕರೆಸಲು ಐದು ನಿಮಿಷ ಆನ್ ಮಾಡಿದಾಗ, ಯಾವತ್ತೋ ಅನುಮತಿ ಪಡೆದು ಕಾಯುತ್ತಿದ್ದ ಹತ್ತಾರು ಆ್ಯಪ್‌ಗಳು ಒಟ್ಟಿಗೆ ಬಾಯಿ ಹಾಕುತ್ತವೆ. ಫೋನ್ ಕಳೆದುಹೋದರೆ ಈಗ ಎಲ್ಲಿದೆ ಅಂತ ಹುಡುಕಲೂ ಆಗುವುದಿಲ್ಲ. ಬಟನ್ ಆನ್ ಇರಲಿ, ಒಂದೊಂದು ಆ್ಯಪ್‌ಗೂ ಬೇರೆಬೇರೆಯಾಗಿ ಬಾಗಿಲು ಹಾಕಿ.

ಸೆಟ್ಟಿಂಗ್ಸ್, ಲೊಕೇಶನ್, ಆ್ಯಪ್ ಪರ್ಮಿಷನ್ಸ್‌ಗೆ ಹೋಗಿ. 'ಅಲೌಡ್ ಆಲ್ ದ ಟೈಮ್' ಗುಂಪಿನಲ್ಲಿ ಏನೇನಿದೆ ನೋಡಿ. ಅಲ್ಲಿ ಫೋನ್ ಹುಡುಕುವ ಸೇವೆ, ಫೋನ್ ಕಂಪನಿಯದೇ ಒಂದೆರಡು ಸೇವೆ ಬಿಟ್ಟು ಬೇರೇನೂ ಇರಬೇಕಿಲ್ಲ. ನಕ್ಷೆ, ಆಟೊ, ಊಟ ತರಿಸುವ ಆ್ಯಪ್‌ಗಳಿಗೆ 'ಬಳಸುವಾಗ ಮಾತ್ರ' ಸಾಕು. ಟಾರ್ಚ್, ಕೀಬೋರ್ಡ್, ಆಟ, ಕ್ಯಾಲೆಂಡರ್, ಪಂಚಾಂಗ: ಇವಕ್ಕೆ ನಿರ್ದಾಕ್ಷಿಣ್ಯವಾಗಿ 'ಡೋಂಟ್ ಅಲೋ'. ಹವಾಮಾನ, ಸುದ್ದಿ ಆ್ಯಪ್‌ಗಳಲ್ಲಿ 'ಯೂಸ್ ಪ್ರಿಸೈಸ್ ಲೊಕೇಶನ್' ಎಂಬುದನ್ನು ಆಫ್ ಮಾಡಿ. ಆಗ ನಿಮ್ಮ ಮನೆಯ ಬದಲು ಸುಮಾರು 3 ಚದರ ಕಿಲೋಮೀಟರ್ ವಿಸ್ತಾರದ ಒಂದು ಪ್ರದೇಶ ಮಾತ್ರ ಅವಕ್ಕೆ ಗೊತ್ತಾಗುತ್ತದೆ. ಮಳೆ ಬರುತ್ತೋ ಇಲ್ಲವೋ ಹೇಳಲು ಅಷ್ಟು ಧಾರಾಳ ಸಾಕು.

ಅದೇ ಲೊಕೇಶನ್ ಪುಟದ ಕೆಳಗೆ 'ಲೊಕೇಶನ್ ಸರ್ವಿಸಸ್' ಒಳಗೆ 'ವೈಫೈ ಸ್ಕ್ಯಾನಿಂಗ್', 'ಬ್ಲೂಟೂತ್ ಸ್ಕ್ಯಾನಿಂಗ್' ಇವೆ. ಇವು ಆನ್ ಇದ್ದರೆ, ನೀವು ವೈಫೈ ಆಫ್ ಮಾಡಿದ್ದರೂ ಫೋನ್ ಅಕ್ಕಪಕ್ಕದ ಅಂಗಡಿಗಳ ರೂಟರ್‌ಗಳನ್ನು ಎಣಿಸುತ್ತಾ ಸ್ಥಳ ಅಂದಾಜಿಸುತ್ತದೆ. ಎರಡನ್ನೂ ಆಫ್ ಮಾಡಿ. ನಕ್ಷೆ ಒಳಾಂಗಣದಲ್ಲಿ ಸ್ವಲ್ಪ ತಡವರಿಸೀತು, ಬೇರೆ ನಷ್ಟವಿಲ್ಲ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ನಿಮ್ಮ ಖಾತೆ, 'ಡೇಟಾ ಅಂಡ್ ಪ್ರೈವಸಿ'. ಅಲ್ಲಿ ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ ನಿಲ್ಲಿಸಿ. ಪೂರ್ತಿ ನಿಲ್ಲಿಸಿದರೆ ಅಲ್ಲಿಂದಾಚೆ ಹುಡುಕಿದ್ದು ನೆನಪಿರುವುದಿಲ್ಲ ಎಂಬ ತೊಂದರೆ ಇದೆ. ಅದು ಬೇಡವಾದರೆ 'ಆಟೊ ಡಿಲೀಟ್' ಅನ್ನು 3 ತಿಂಗಳಿಗೆ ಇಡಿ. ನಿಲ್ಲಿಸಿದ ಮಾತ್ರಕ್ಕೆ ಹಳೆಯದು ಅಳಿಯುವುದಿಲ್ಲ, ಅದನ್ನು ಬೇರೆಯಾಗಿ ಡಿಲೀಟ್ ಮಾಡಬೇಕು. ಬಹಳ ಜನ ಎಡವುವುದು ಇಲ್ಲೇ. ಕಡೆಗೆ ಸೆಟ್ಟಿಂಗ್ಸ್, ಗೂಗಲ್, ಆ್ಯಡ್ಸ್ ಒಳಗೆ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ. ಜಾಹೀರಾತು ನಿಲ್ಲುವುದಿಲ್ಲ, ಬೇರೆ ಬೇರೆ ಆ್ಯಪ್‌ನವರು ನಿಮ್ಮನ್ನು ಒಂದೇ ಸಂಖ್ಯೆಯಿಂದ ಗುರುತು ಹಿಡಿಯುವುದು ನಿಲ್ಲುತ್ತದೆ.

ನನ್ನ ಮಗ ಎಲ್ಲಾ ಆ್ಯಪ್‌ಗಳ ಲೊಕೇಶನ್ ಕಡಿಮೆ ಮಾಡಿಕೊಟ್ಟ. ಈಗ ಬೆಳೆ ಸಮೀಕ್ಷೆ ಆ್ಯಪ್ ತೆಗೆದರೆ, ತೋಟದ ನಡುವೆ ನಿಂತಿದ್ದರೂ ನೀವು ಹೊಲದಲ್ಲಿ ಇಲ್ಲ ಅನ್ನುತ್ತೆ.
– ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು

ಮಗನ ಕೆಲಸ ಸರಿ, ಈ ಒಂದು ಆ್ಯಪ್‌ಗೆ ಮಾತ್ರ ಹೆಚ್ಚಾಯಿತು. ಆ ಆ್ಯಪ್ ನಿಮ್ಮ ಸರ್ವೆ ನಂಬರಿನ ಗಡಿಯೊಳಗೆ ನೀವು ನಿಂತಿದ್ದೀರೋ ಇಲ್ಲವೋ ಎಂದು ತಾಳೆ ನೋಡುತ್ತದೆ. 'ಪ್ರಿಸೈಸ್' ಆಫ್ ಆಗಿದ್ದರೆ ಅದಕ್ಕೆ ಸಿಗುವುದು 3 ಚದರ ಕಿಲೋಮೀಟರ್, ಅಂದರೆ 700 ಎಕರೆಗೂ ಮೇಲ್ಪಟ್ಟ ಜಾಗ. ಅದರಲ್ಲಿ ನಿಮ್ಮ ಎರಡೆಕರೆಯನ್ನು ಹೇಗೆ ಹುಡುಕೀತು? ಈ ಆ್ಯಪ್‌ಗೆ 'ಬಳಸುವಾಗ ಮಾತ್ರ' ಇಟ್ಟು ಪ್ರಿಸೈಸ್ ಆನ್ ಮಾಡಿ.

ಅಷ್ಟಾದರೂ ತಕರಾರು ಮಾಡಿದರೆ ಕಾರಣ ಅಡಿಕೆ ಸೋಗೆ. ದಟ್ಟ ತೋಟದೊಳಗೆ ಉಪಗ್ರಹದ ಸಂಕೇತ ಕುಂದುತ್ತದೆ. ಬ್ಯಾಟರಿ ಸೇವರ್ ತೆಗೆಯಿರಿ, ಆಕಾಶ ಕಾಣುವ ಕಡೆ ನಿಂತು ನಕ್ಷೆ ತೆರೆಯಿರಿ. ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ದೊಡ್ಡದಿದ್ದರೆ ಫೋನಿಗೇ ಅನುಮಾನವಿದೆ ಎಂದರ್ಥ. ಒಂದೆರಡು ನಿಮಿಷದಲ್ಲಿ ವೃತ್ತ ಕುಗ್ಗಿದ ಮೇಲೆ ಸಮೀಕ್ಷೆ ಆ್ಯಪ್‌ಗೆ ಮರಳಿ.

ರಂಗಯ್ಯನದುರ್ಗದ ಕಾಡಂಚಿನಲ್ಲಿ ಕೊಂಡುಕುರಿಯ (ನಾಲ್ಕು ಕೊಂಬಿನ ಹುಲ್ಲೆ) ಫೋಟೊ ಸಿಕ್ಕಿದೆ. ಗುಂಪುಗಳಿಗೆ ಹಾಕಬೇಡ, ಜಾಗ ಗೊತ್ತಾಗುತ್ತೆ ಅಂತ ಗೆಳೆಯರು ಹೆದರಿಸ್ತಾರೆ. ನಿಜವೇ?
– ಹವ್ಯಾಸಿ ಛಾಯಾಗ್ರಾಹಕ, ಜಗಳೂರು

ಗೆಳೆಯರ ಮಾತು ಕೇಳಿ. ಕೊಂಡುಕುರಿಗೆಂದೇ ಇರುವ ಅಭಯಾರಣ್ಯ ಅದು. ಇಂಥ ಪ್ರಾಣಿ ನಿಂತ ಜಾಗದ ಅಂಕಿ ಬೇಟೆಯವರ ಕೈಗೆ ಹೋಗಬಾರದು.

ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಕೊಟ್ಟಿದ್ದರೆ ಪ್ರತಿ ಫೋಟೊದ ಒಡಲಲ್ಲಿ ಅಕ್ಷಾಂಶ, ರೇಖಾಂಶ ಬರೆದಿರುತ್ತದೆ. ಗ್ಯಾಲರಿಯಲ್ಲಿ ಫೋಟೊ ತೆರೆದು ಮೇಲಕ್ಕೆ ಎಳೆಯಿರಿ. ಕೆಳಗೆ ಪುಟ್ಟ ನಕ್ಷೆ ಕಂಡರೆ ಇದೆ ಅಂತಲೇ ಅರ್ಥ. ಆ ಅಂಕಿಗಳನ್ನು ಓದುವುದು ಹೀಗೆ: 14.46, 75.92 ಎಂದಿಷ್ಟೇ ಇದ್ದರೆ ದಾವಣಗೆರೆ ನಗರ, ಸುಮಾರು ಒಂದು ಕಿಲೋಮೀಟರಿನ ಆಚೀಚೆ. ಬಿಂದುವಿನ ನಂತರ ಒಂದೊಂದು ಅಂಕಿ ಹೆಚ್ಚಿದಂತೆ ಗುರಿ ಹತ್ತು ಪಟ್ಟು ಹತ್ತಿರವಾಗುತ್ತದೆ. ನಾಲ್ಕು ಅಂಕಿಗೆ 11 ಮೀಟರ್, ಐದಕ್ಕೆ ಒಂದು ಮೀಟರ್ ಚಿಲ್ಲರೆ. ಫೋನ್ ಬರೆಯುವುದು ಇನ್ನೂ ಉದ್ದದ ಸಂಖ್ಯೆ, ತಪ್ಪುವುದು ಕೆಲವೇ ಮೀಟರ್. ಪೊದೆಯ ಪಕ್ಕಕ್ಕೇ ಕರೆದೊಯ್ಯಲು ಅಷ್ಟು ಸಾಲದೇ?

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಉದುರಿಹೋಗುತ್ತದೆ. ಆದರೆ ಸ್ಪಷ್ಟತೆ ಕೆಡಬಾರದೆಂದು 'ಡಾಕ್ಯುಮೆಂಟ್' ಆಗಿ ಕಳಿಸಿದರೆ, ಇಮೇಲ್ ಮಾಡಿದರೆ, ಪೆನ್‌ಡ್ರೈವ್‌ಗೆ ಹಾಕಿದರೆ ಹಾಗೇ ಹೋಗುತ್ತದೆ. ನಿಮ್ಮಂಥವರು ಡಾಕ್ಯುಮೆಂಟ್ ಆಗಿಯೇ ಕಳಿಸುತ್ತೀರಿ, ಅದೇ ಅಪಾಯ. ಮುಂದಿನದಕ್ಕೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 'ಲೊಕೇಶನ್ ಟ್ಯಾಗ್ಸ್' ಅಥವಾ 'ಸೇವ್ ಲೊಕೇಶನ್' ಆಫ್ ಮಾಡಿ. ಈಗಾಗಲೇ ತೆಗೆದದ್ದನ್ನು ಸ್ಕ್ರೀನ್‌ಶಾಟ್ ಹೊಡೆದು, ಅದನ್ನು ಕಳಿಸಿ. ಸ್ಕ್ರೀನ್‌ಶಾಟ್‌ಗೆ ಅಕ್ಷಾಂಶ ಗೊತ್ತಿರುವುದಿಲ್ಲ. ಪಂಚಾಯಿತಿ ಕಾಮಗಾರಿಗೆ ಬಳಸುವ, ಚಿತ್ರದ ಅಡಿಯಲ್ಲೇ ಅಂಕಿ ಅಚ್ಚೊತ್ತುವ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದಿದ್ದರೆ ಆ ಪಟ್ಟಿಯನ್ನು ಕತ್ತರಿಸಲೇಬೇಕು. ಹಿನ್ನೆಲೆಯಲ್ಲಿ ಗುರುತಾಗುವ ಬಂಡೆ, ಗೋಪುರ ಇದ್ದರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು.

ನಾನು ತವರಿಗೆ ಹೋದರೂ, ಸಂತೆಗೆ ಹೋದರೂ ಮನೆಯಲ್ಲಿ ಒಬ್ಬರಿಗೆ ತಕ್ಷಣ ಗೊತ್ತಾಗುತ್ತೆ. ನನ್ನ ಫೋನ್‌ನಿಂದಲೇ ಅನ್ನೋ ಅನುಮಾನ. ಹೆಸರು ಹಾಕಬೇಡಿ.
– ಓದುಗರು, ಹರಿಹರ

ಅಕ್ಕ, ಏನನ್ನಾದರೂ ಆಫ್ ಮಾಡುವ ಮೊದಲು ಇದನ್ನು ಓದಿ. ನೀವು ನಿಲ್ಲಿಸಿದ ಗಳಿಗೆಯಲ್ಲೇ ನೋಡುತ್ತಿದ್ದವರಿಗೆ ತಿಳಿಯುತ್ತದೆ. ಅವರು ಕೈ ಎತ್ತುವವರಾಗಿದ್ದರೆ ಮೊದಲು ಬೇರೆಯವರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ, ತುರ್ತಾದರೆ 112. ಕಂಡದ್ದನ್ನೆಲ್ಲ ಬೇರೆ ಫೋನಿನಲ್ಲಿ ಫೋಟೊ ತೆಗೆದಿಡಿ. ದೂರು ಕೊಡುವುದಾದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯವರು ಸಾಕ್ಷಿ ಕೇಳುತ್ತಾರೆ, ಅಳಿಸಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಹುಡುಕಬೇಕಾದ ಕಡೆ ಇವು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್, ಪ್ರೈವಸಿ, ಲೈವ್ ಲೊಕೇಶನ್: ಯಾರಿಗಾದರೂ ಹಂಚುತ್ತಿದ್ದರೆ ಅಲ್ಲಿ ಹೆಸರಿರುತ್ತದೆ. ಆದರೆ ಇದು ಒಂದು ಸಲಕ್ಕೆ ಹೆಚ್ಚೆಂದರೆ 8 ಗಂಟೆ, ಆಮೇಲೆ ತಾನೇ ನಿಲ್ಲುತ್ತದೆ. ದಿನವೂ ಗೊತ್ತಾಗುತ್ತಿದೆ ಎಂದರೆ ಮೊದಲ ಅನುಮಾನ ಗೂಗಲ್ ಮ್ಯಾಪ್ಸ್ ಮೇಲೆ. ಅದರಲ್ಲಿ ಮೇಲ್ಗಡೆ ನಿಮ್ಮ ಚಿತ್ರ ಒತ್ತಿ 'ಲೊಕೇಶನ್ ಶೇರಿಂಗ್' ತೆರೆಯಿರಿ. ಇಲ್ಲಿ 'ನಾನು ನಿಲ್ಲಿಸುವವರೆಗೂ' ಎಂಬ ಆಯ್ಕೆ ಇದೆ. ಯಾರೋ ಒಂದು ನಿಮಿಷ ಫೋನ್ ಕೈಗೆ ತೆಗೆದುಕೊಂಡು ಅದನ್ನು ಒತ್ತಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ.

ಇನ್ನೊಂದು ನಮ್ಮ ಕಡೆ ತೀರಾ ಸಾಮಾನ್ಯ. ಹೊಸ ಫೋನಿಗೆ ಜಿಮೇಲ್ ಮಾಡಿಕೊಟ್ಟವರು ಯಾರು? ಮೈದುನನೋ, ಅಂಗಡಿ ಹುಡುಗನೋ ಆಗಿದ್ದರೆ ಪಾಸ್‌ವರ್ಡ್ ಅವರಲ್ಲೇ ಇದೆ. ಪಾಸ್‌ವರ್ಡ್ ಇದ್ದವರು ಕಳೆದ ಫೋನ್ ಹುಡುಕುವ ಸೇವೆಗೆ ಲಾಗಿನ್ ಆಗಿ ನಿಮ್ಮನ್ನು ನಕ್ಷೆಯಲ್ಲಿ ನೋಡಬಹುದು, ನಿಮ್ಮ ಫೋನಿನಲ್ಲಿ ಯಾವ ಆ್ಯಪೂ ಬೇಕಿಲ್ಲ. ಗೂಗಲ್ ಖಾತೆಯ 'ಸೆಕ್ಯುರಿಟಿ'ಯಲ್ಲಿ 'ಯುವರ್ ಡಿವೈಸಸ್' ನೋಡಿ, ನಿಮ್ಮದಲ್ಲದ ಫೋನ್ ಇದ್ದರೆ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಬದಲಿಸಿ. ಜೊತೆಗೇ 'ರಿಕವರಿ ಫೋನ್' ನಂಬರ್ ಯಾರದೆಂದು ನೋಡಿ. ಅದು ಅವರದೇ ಆಗಿ ಉಳಿದರೆ ಹೊಸ ಪಾಸ್‌ವರ್ಡ್ ಸಂಜೆಯೊಳಗೆ ಮತ್ತೆ ಅವರ ಕೈಸೇರುತ್ತದೆ.

ಗುಪ್ತ ಆ್ಯಪ್ ಇದ್ದರೆ ಐಕಾನ್ ಕಾಣದಿದ್ದರೂ ಸಾಮಾನ್ಯವಾಗಿ ಅನುಮತಿ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. 'ಆಲ್ ದ ಟೈಮ್' ಲೊಕೇಶನ್ ಪಡೆದವು, ಆ್ಯಕ್ಸೆಸಿಬಿಲಿಟಿ ಒಳಗಿನವು, 'ಡಿವೈಸ್ ಅಡ್ಮಿನ್ ಆ್ಯಪ್ಸ್': ಈ ಮೂರು ಕಡೆ ಗುರುತಿಲ್ಲದ ಹೆಸರು ಹುಡುಕಿ. ಬ್ಯಾಗಿನಲ್ಲೋ ಸ್ಕೂಟಿ ಸೀಟಿನಡಿಯಲ್ಲೋ ಬಟನ್ ಗಾತ್ರದ ಬ್ಲೂಟೂತ್ ಟ್ಯಾಗ್ ಇಟ್ಟಿರುವುದೂ ಉಂಟು. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ 'ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್' ಹಾಕಿ, ಅದರಲ್ಲಿ ಸ್ಕ್ಯಾನ್ ಕೊಡಿ.

ಸಾಲದ ಆ್ಯಪ್ ಒಂದು ಸದಾ ಲೊಕೇಶನ್ ಕೊಡದಿದ್ದರೆ ತೆರೆಯುವುದೇ ಇಲ್ಲ.
– ಗಾರೆ ಕೆಲಸಗಾರ, ಹೊಳಲ್ಕೆರೆ

ಅಳಿಸಿಬಿಡಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದಂತೆ ಲೊಕೇಶನ್, ಕ್ಯಾಮೆರಾ, ಮೈಕನ್ನು ಕೆವೈಸಿ ಹೊತ್ತಿಗೆ ಒಂದು ಸಲ ಮಾತ್ರ, ಅದೂ ನಿಮ್ಮ ಒಪ್ಪಿಗೆ ಪಡೆದು ಬಳಸಬಹುದು. ಕಾಂಟ್ಯಾಕ್ಟ್, ಕಾಲ್ ಪಟ್ಟಿ ಮುಟ್ಟುವಂತೆಯೇ ಇಲ್ಲ. ಇದನ್ನು ಮೀರುವ ಆ್ಯಪ್ ನಾಳೆ ವಸೂಲಿಯಲ್ಲೂ ನಿಯಮ ಮೀರುತ್ತದೆ. ಆ್ಯಪ್ ಅಳಿಸಿದರೆ ಸಾಲ ತೀರುವುದಿಲ್ಲ, ಹಣ ಪಡೆದಿದ್ದರೆ ಒಪ್ಪಂದ, ರಸೀದಿಗಳನ್ನು ಮೊದಲು ಉಳಿಸಿಕೊಳ್ಳಿ.

ಐಫೋನ್‌ನಲ್ಲಿ?
– ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ

ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್. ಒಂದೊಂದು ಆ್ಯಪ್ ಒತ್ತಿ 'ನೆವರ್' ಅಥವಾ 'ವೈಲ್ ಯೂಸಿಂಗ್' ಇಡಿ, ಬೇಡದ ಕಡೆ 'ಪ್ರಿಸೈಸ್ ಲೊಕೇಶನ್' ತೆಗೆಯಿರಿ. ಹಿಂದಿನ ಪುಟದ 'ಟ್ರ್ಯಾಕಿಂಗ್' ಒಳಗೆ ಆ್ಯಪ್‌ಗಳು ನಿಮ್ಮ ಜಾಡು ಹಿಡಿಯಲು ಅನುಮತಿ ಕೇಳುವುದನ್ನೇ ನಿಲ್ಲಿಸಬಹುದು. ಸ್ನ್ಯಾಪ್‌ಚಾಟ್ ಇದ್ದರೆ ಅದರ ನಕ್ಷೆಯಲ್ಲಿ 'ಘೋಸ್ಟ್ ಮೋಡ್' ಹಾಕಿ, ಆಗ ನೀವಿರುವ ಜಾಗ ಅಲ್ಲಿ ಗೆಳತಿಯರಿಗೆ ಕಾಣುವುದಿಲ್ಲ. ಗೆಳತಿಯರ ಪಟ್ಟಿಯಲ್ಲಿ ಯಾರ್ಯಾರಿದ್ದಾರೆ ಅನ್ನುವುದು ನಿಮಗೂ ಪೂರ್ತಿ ನೆನಪಿರುವುದಿಲ್ಲ.

ವಿಪಿಎನ್ ಹಾಕಿಕೊಂಡರೆ ಎಲ್ಲಾ ಮುಚ್ಚಿದಂತೆ ಅಲ್ಲವೇ? ಫ್ಲೈಟ್ ಮೋಡ್? ಜೋಗಿಮಟ್ಟಿ ಮೇಲೆ ಹೋದಾಗಲೂ ಕಂಪನಿಗೆ ಗೊತ್ತಾಗುತ್ತಾ?
– ಚಾರಣಿಗ, ಹಿರಿಯೂರು

ವಿಪಿಎನ್ ಎಂದರೆ ನಿಮ್ಮ ನೆಟ್ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸಿ ಕಳಿಸುವ ಸೇವೆ. ಅದು ಮರೆಮಾಚುವುದು ಐಪಿಯನ್ನು ಮಾತ್ರ. ಅನುಮತಿ ಪಡೆದ ಆ್ಯಪ್ ಜಿಪಿಎಸ್ ಅಂಕಿಯನ್ನು ಅದೇ ವಿಪಿಎನ್ ಒಳಗಿಂದ ಆರಾಮಾಗಿ ಕಳಿಸುತ್ತದೆ.

ಸಿಮ್ ಕಂಪನಿಗೆ ನೀವು ಯಾವ ಟವರ್ ಹಿಡಿದಿದ್ದೀರಿ ಎಂಬುದು ಸದಾ ಗೊತ್ತು. ಗೊತ್ತಿಲ್ಲದಿದ್ದರೆ ಬಂದ ಕರೆಯನ್ನು ನಿಮಗೆ ಮುಟ್ಟಿಸುವುದು ಹೇಗೆ? ಲೊಕೇಶನ್ ಬಟನ್‌ಗೂ ಅದಕ್ಕೂ ಸಂಬಂಧವಿಲ್ಲ. ಪೇಟೆಯಲ್ಲಿ ಆ ಅಂದಾಜು ಕೆಲವು ನೂರು ಮೀಟರ್, ಹಳ್ಳಿಯಲ್ಲಿ ಕಿಲೋಮೀಟರ್‌ಗಟ್ಟಲೆ. ಬೆಟ್ಟದ ನೆತ್ತಿಯಲ್ಲಿ ಫೋನ್ ದೂರದ ಯಾವುದೋ ಟವರ್ ಹಿಡಿದು ಲೆಕ್ಕ ಇನ್ನೂ ಸಡಿಲವಾಗಬಹುದು.

ಫ್ಲೈಟ್ ಮೋಡ್ ಟವರ್ ಸಂಪರ್ಕ ಕಡಿಯುತ್ತದೆ. ಜಿಪಿಎಸ್ ಮಾತ್ರ ಆಗಲೂ ನಡೆಯುತ್ತದೆ, ಯಾಕೆಂದರೆ ಅದು ಕೇಳುವ ಕಿವಿ ಅಷ್ಟೇ, ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಬೆಟ್ಟದ ಮೇಲೆ ಫ್ಲೈಟ್ ಮೋಡ್‌ನಲ್ಲಿ ತೆಗೆದ ಫೋಟೊಗೂ ಅಕ್ಷಾಂಶ ಅಂಟಿರುತ್ತದೆ. ನಡಿಗೆ ಲೆಕ್ಕದ ಆ್ಯಪ್ ನೀವು ಹತ್ತಿದ ದಾರಿಯನ್ನೆಲ್ಲ ಗುರುತು ಹಾಕಿಟ್ಟುಕೊಂಡು, ಕೆಳಗಿಳಿದು ನೆಟ್ ಬಂದ ಕೂಡಲೇ ಒಂದೇ ಗುಕ್ಕಿಗೆ ಕಳಿಸುತ್ತದೆ.